ಬೀಪ್ ಕೇಳಿಸದ ಒಂದು ಮತ: ಚಿಂಚೋಳಿ ತಾಲೂಕಿನ ಮತಗಟ್ಟೆಯೊಂದರ ಪ್ರಕರಣ

ಪಟ್ಟಿಯಲ್ಲಿ ಆಕೆಯ ಹೆಸರಿನ ಮೇಲೆ ಆಗಲೇ ಕೆಂಪು ಗೆರೆ ಬಿದ್ದಿತ್ತು. ಬೆರಳಿಗೆ ಮಾತ್ರ ಮಸಿ ಬಿದ್ದಿರಲಿಲ್ಲ. 2024ರ ಮೇ 7, ಮಧ್ಯಾಹ್ನ ಮೂರರ ಹೊತ್ತು. ಚಿಂಚೋಳಿ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆ, ಫರ್ಸಿ ಹಾಸಿದ ಕೋಣೆ. ನಾನು ಆ ಮತಗಟ್ಟೆಯ ಪಿಆರ್‌ಒ, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಉಳಿದ ದಿನಗಳಲ್ಲಿ ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರ.

"ಸರ್, ಈ ನಂಬರಿನ ವೋಟ್ ಮುಂಜಾನೇ ಆಗ್ಯಾದ್ರಿ," ಅಂದರು ಪಟ್ಟಿ ಹಿಡಿದು ಕೂತಿದ್ದ ಮೊದಲನೇ ಪೋಲಿಂಗ್ ಆಫೀಸರ್.

"ಹ್ಯಾಂಗ್ ಆಗ್ತದ್ರೀ? ನಾ ಈಗ ತಾಂಡೂರ ಬಸ್ ಇಳದು ಸೀದಾ ಇಲ್ಲಿಗೇ ಬಂದೀನಿ," ಅಂದಳು ಆಕೆ. ಹೆಗಲಿಗೆ ಚೀಲ, ಕೈಯಲ್ಲಿ ಎಪಿಕ್ ಅಂದರೆ ಮತದಾರರ ಗುರುತಿನ ಕಾರ್ಡು, ಬೆವರಿಗೆ ಹಣೆಯ ಕುಂಕುಮ ಇಳಿದಿತ್ತು.

ಒಬ್ಬರ ಹೆಸರಲ್ಲಿ ಇನ್ನೊಬ್ಬರ ಮತ ಬಿದ್ದುಹೋದರೆ ಏನು ಮಾಡಬೇಕೆಂದು ಕಾನೂನಿನಲ್ಲಿ ಸ್ಪಷ್ಟವಾಗಿದೆ. ಚುನಾವಣಾ ತರಬೇತಿಯಲ್ಲಿ ಅದಕ್ಕೆ ಸಿಗುವುದು ಎರಡು ನಿಮಿಷ. ಯಂತ್ರ ಜೋಡಿಸುವುದನ್ನು ನಾಲ್ಕು ಸಲ ಹೇಳಿಕೊಡುತ್ತಾರೆ, ಅದೂ ಬೇಕು. ಆದರೆ ಎದುರಿಗೆ ಒಬ್ಬ ಮನುಷ್ಯಳು ನಿಂತು ನನ್ನ ವೋಟು ಎಲ್ಲಿ ಹೋಯಿತು ಎಂದು ಕೇಳುವ ಗಳಿಗೆಗೆ ಯಾರೂ ನಮ್ಮನ್ನು ತಯಾರು ಮಾಡಿರುವುದಿಲ್ಲ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಊರಿನ ಹೆಸರನ್ನಾಗಲಿ ಹೆಂಗಸರ ಹೆಸರನ್ನಾಗಲಿ ಬರೆಯುವುದಿಲ್ಲ. ಇಬ್ಬರ ಹೆಸರೂ ಒಂದೇ, ಅಷ್ಟು ಗೊತ್ತಿದ್ದರೆ ಸಾಕು. ಮಧ್ಯಾಹ್ನ ಬಂದಾಕೆಯನ್ನು ಕಿರಿಯಾಕೆ, ಮುಂಜಾನೆ ಆಕೆಯ ನಂಬರಿನ ಮೇಲೆ ಮತ ಹಾಕಿಹೋದಾಕೆಯನ್ನು ಹಿರಿಯಾಕೆ ಎನ್ನುತ್ತೇನೆ.

ಮತಗಟ್ಟೆ ಮತ್ತು ಊರು

ಚಿಂಚೋಳಿ ಇರುವುದು ಕಲಬುರಗಿ ಜಿಲ್ಲೆಯಲ್ಲಿ, ಆದರೆ ಲೋಕಸಭೆಗೆ ಅದರ ಮತ ಬೀದರ್ ಕ್ಷೇತ್ರಕ್ಕೆ. ಆಳಂದದ್ದೂ ಹಾಗೇ. ಅತ್ತ ಯಾದಗಿರಿ ಜಿಲ್ಲೆಯ ಗುರುಮಠಕಲ್ ಗುಲಬರ್ಗಾ ಕ್ಷೇತ್ರಕ್ಕೆ ಸೇರಿದರೆ, ಯಾದಗಿರಿ, ಶಹಾಪುರ, ಸುರಪುರ ರಾಯಚೂರಿಗೆ ಸೇರಿವೆ. ಇದು ಬರೀ ನಕ್ಷೆಯ ವಿಷಯವಲ್ಲ. ನನ್ನ ಹೆಸರು ಗುಲಬರ್ಗಾ ಕ್ಷೇತ್ರದ ಪಟ್ಟಿಯಲ್ಲಿದೆ. ಡ್ಯೂಟಿಯೂ ಅದೇ ಕ್ಷೇತ್ರದೊಳಗೆ ಬಿದ್ದಿದ್ದರೆ ಇಡಿಸಿ ಎಂಬ ಚುನಾವಣಾ ಡ್ಯೂಟಿಯ ಪ್ರಮಾಣಪತ್ರ ತೋರಿಸಿ, ಡ್ಯೂಟಿ ಮಾಡುವ ಮತಗಟ್ಟೆಯಲ್ಲೇ ಯಂತ್ರದಲ್ಲಿ ಮತ ಹಾಕಬಹುದಿತ್ತು. ಕ್ಷೇತ್ರ ಬೇರೆಯಾದ್ದರಿಂದ ನನಗೆ ಸಿಕ್ಕಿದ್ದು ಅಂಚೆ ಮತಪತ್ರ. ಒಂದೇ ಜಿಲ್ಲೆಯೊಳಗೆ ಓಡಾಡಿದ ನನ್ನ ಮತಕ್ಕೇ ಇಷ್ಟು ದಾರಿ ಇದ್ದರೆ, ಹೊಟ್ಟೆಪಾಡಿಗೆ ರಾಜ್ಯ ದಾಟಿ ಹೋದವರ ಮತದ ಕಥೆ ಏನಿರಬೇಕು?

ಆ ಊರಿನಿಂದ ದುಡಿಯಲು ಹೋಗುವವರು ಹೆಚ್ಚಿನವರು ಹೈದರಾಬಾದಿಗೆ, ಕೆಲವರು ಪುಣೆ, ಮುಂಬೈಗೆ. ತೊಗರಿ ರಾಶಿ ಮುಗಿದ ಮೇಲೆ ಬಾಗಿಲಿಗೆ ಬೀಗ ಬೀಳುತ್ತದೆ, ಮುಂಗಾರಿಗೆ ತೆಗೆಯುತ್ತದೆ. ಲೋಕಸಭೆಯ ಚುನಾವಣೆ ಬರುವುದು ಸರಿಯಾಗಿ ಆ ಬೀಗದ ಕಾಲದಲ್ಲಿ. 2024ರಲ್ಲಿ ಏಪ್ರಿಲ್ 19ರಿಂದ ಜೂನ್ 1ರವರೆಗೆ ದೇಶದಲ್ಲಿ ಏಳು ಹಂತ. ಕರ್ನಾಟಕದಲ್ಲಿ ಎರಡು ದಿನ: ಏಪ್ರಿಲ್ 26ಕ್ಕೆ 14 ಕ್ಷೇತ್ರ, ಮೇ 7ಕ್ಕೆ ನಮ್ಮದೂ ಸೇರಿ ಉಳಿದ 14. ಪಕ್ಕದ ತೆಲಂಗಾಣದಲ್ಲಿ ಮೇ 13. ಈ ಆರು ದಿನದ ಅಂತರ ಮುಂದೆ ನಮ್ಮ ಕೋಣೆಯಲ್ಲೇ ಒಂದು ಪ್ರಶ್ನೆಯಾಗಿ ಎದ್ದಿತು.

ಬೀಗ ಹಾಕಿದ ಮನೆಗಳು ಪಟ್ಟಿಯಲ್ಲಿ ಬೀಗ ಹಾಕಿರುವುದಿಲ್ಲ. ಅಲ್ಲಿ ಹೆಸರುಗಳು ಇದ್ದಲ್ಲೇ ಇರುತ್ತವೆ. ಊರಲ್ಲಿ ಇಲ್ಲದವರು, ಬೇರೆಡೆ ಹೋದವರು, ತೀರಿಹೋದವರು ಎಂದು ಮತಗಟ್ಟೆ ಮಟ್ಟದ ಅಧಿಕಾರಿ ಬಿಎಲ್‌ಒ ಮನೆಮನೆ ತಿರುಗಿ ಗುರುತು ಮಾಡಿದ ಹೆಸರುಗಳ ಎಎಸ್‌ಡಿ ಪಟ್ಟಿಯನ್ನು ಪಿಆರ್‌ಒ ಕೈಗೆ ಕೊಡುತ್ತಾರೆ. ಆ ಪಟ್ಟಿಯಲ್ಲಿ ಹೆಸರಿದ್ದವರು ಬಂದರೆ ಗುರುತನ್ನು ಪಿಆರ್‌ಒ ತಾನೇ ನೋಡಬೇಕು. ಕಿರಿಯಾಕೆಯ ಹೆಸರು ನಮ್ಮ ಎಎಸ್‌ಡಿ ಪಟ್ಟಿಯಲ್ಲಿ ಇರಲಿಲ್ಲ. ಹಬ್ಬಕ್ಕೆ, ಜಾತ್ರೆಗೆ ಬಂದುಹೋಗುವ ಮನೆ ಅದು.

ಮುಂಜಾನೆ ನಡೆದದ್ದು

ಹಿಂದಿನ ದಿನ ಚಿಂಚೋಳಿಯಲ್ಲಿ ಮಸ್ಟರಿಂಗ್. ಅಲ್ಲಿ ಯಂತ್ರ, ಕವರ್, ಸೀಲು, ಮಸಿ ಎಲ್ಲ ಎಣಿಸಿಕೊಂಡು ಬಸ್ಸು ಹತ್ತಿದೆವು. ತಂಡದವರು ಒಬ್ಬರಿಗೊಬ್ಬರು ಹೊಸಬರು. ಕಂಪ್ಯೂಟರ್ ಚೀಟಿ ಎತ್ತಿದಂತೆ ಬೇರೆ ಬೇರೆ ಇಲಾಖೆಯಿಂದ ಸಿಬ್ಬಂದಿಯನ್ನು ಆರಿಸುತ್ತದೆ, ಯಾರೂ ಮೊದಲೇ ಮಾತಾಡಿಕೊಂಡು ಬರಬಾರದೆಂದು. ರಾತ್ರಿ ಶಾಲೆಯ ಬಿಸಿಯೂಟದವರು ರೊಟ್ಟಿ, ಪುಂಡಿಪಲ್ಯ ಕೊಟ್ಟರು. ನಸುಕಿನಲ್ಲಿ ಎದ್ದು ಐದೂವರೆಗೆ ಪಕ್ಷಗಳ ಏಜೆಂಟರ ಎದುರು ಅಣಕು ಮತದಾನ ಮಾಡಿದೆವು. ಕನಿಷ್ಠ 50 ಮತ ಒತ್ತಿ, ಲೆಕ್ಕ ತೋರಿಸಿ, ಅಳಿಸಿ, ಮತದ ಚೀಟಿ ಮುದ್ರಿಸಿ ತೋರಿಸುವ ವಿವಿಪ್ಯಾಟಿನಿಂದ ಚೀಟಿಗಳನ್ನು ತೆಗೆದು ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಿ, ಏಳಕ್ಕೆ ಸರಿಯಾಗಿ ಮತದಾನ ಶುರು. ಇದರಲ್ಲೆಲ್ಲ ಏನೂ ತಪ್ಪಾಗಲಿಲ್ಲ. ಯಂತ್ರ ದಿನವಿಡೀ ಒಂದು ಸಲವೂ ಕೈಕೊಡಲಿಲ್ಲ.

ಎಡವಿದ್ದು ಕಾಗದದಲ್ಲಿ.

ಬಿಸಿಲೇರುವ ಮೊದಲೇ ಹಾಕಿಬಿಡೋಣ ಎಂದು ಎಂಟರ ಸುಮಾರಿಗೆ ದೊಡ್ಡ ಸಾಲು ನಿಂತಿತ್ತು. ಹಿರಿಯಾಕೆ ಆ ಸಾಲಿನಲ್ಲಿದ್ದಳು. ಮನೆಗೆ ಕೊಟ್ಟಿದ್ದ ಮತದಾರರ ಚೀಟಿ ಕಳೆದಿತ್ತು, ಎಪಿಕ್ ಕಾರ್ಡು ಟ್ರಂಕಿನ ತಳದಲ್ಲಿತ್ತು. ತಂದದ್ದು ನರೇಗಾ ಜಾಬ್ ಕಾರ್ಡು. ಅದು ನಡೆಯುತ್ತದೆ. ಆಧಾರ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಜಾಬ್ ಕಾರ್ಡು ಹೀಗೆ ಎಪಿಕ್ ಬದಲಿಗೆ ಹನ್ನೆರಡು ಬಗೆಯ ದಾಖಲೆಗಳನ್ನು ಆಯೋಗ ಒಪ್ಪಿತ್ತು. ಹೊರಗಿನ ಸಹಾಯ ಮೇಜಿನಲ್ಲಿ ಹೆಸರು ಹೇಳಿದಳು. ಅಲ್ಲಿ ಅಕ್ಷರ ಕ್ರಮದ ಪಟ್ಟಿಯಲ್ಲಿ ಹುಡುಕಿ, ನೋಟ್‌ಬುಕ್ಕಿನ ಹಾಳೆ ಹರಿದು, ಕ್ರಮಸಂಖ್ಯೆ ಗೀಚಿ ಕೈಗಿಟ್ಟರು. ಆ ಹರಕು ಹಾಳೆಯಲ್ಲಿದ್ದ ಸಂಖ್ಯೆ ಕಿರಿಯಾಕೆಯದು.

ಇಬ್ಬರ ಹೆಸರು ಒಂದಾದದ್ದು ಆಶ್ಚರ್ಯವಲ್ಲ, ನಮ್ಮ ಕಡೆ ಓಣಿಗೆ ನಾಲ್ವರು ಸಿಗುವ ಹೆಸರು. ಗಂಡಂದಿರ ಹೆಸರೂ ಒಂದೇ ಆದದ್ದಕ್ಕೆ ಕಾರಣ ಮುತ್ಯಾ. ಅಣ್ಣತಮ್ಮಂದಿರಿಬ್ಬರು ತಮ್ಮ ತಮ್ಮ ಮಗನಿಗೆ ಅಪ್ಪನ ಹೆಸರನ್ನೇ ಇಟ್ಟಿದ್ದಾರೆ. ಆ ಮೊಮ್ಮಕ್ಕಳಿಬ್ಬರ ಹೆಂಡಂದಿರು ಇವರು, ಸಂಬಂಧದಲ್ಲಿ ನೆಗೆಣ್ಣಿಯರು. ಪಟ್ಟಿಯಲ್ಲಿ ಇಬ್ಬರ ನಡುವೆ ಮೂರು ಪುಟಗಳ ಅಂತರ. ಹೆಸರು ಅದೇ, ಗಂಡನ ಹೆಸರು ಅದೇ, ಮನೆತನದ ಹೆಸರೂ ಅದೇ. ಬೇರೆಯಾಗಿದ್ದದ್ದು ವಯಸ್ಸು, ಮನೆ ನಂಬರು, ಎಪಿಕ್ ಸಂಖ್ಯೆ, ಫೋಟೊ. ಫೋಟೊ ಅಂಚೆಚೀಟಿಯಷ್ಟು, ತಲೆಯ ಮೇಲೆ ಸೆರಗು, ಕಪ್ಪು ಬಿಳುಪು. ಅದನ್ನು ನೋಡಿ ಇಂಥವಳೇ ಎಂದು ಹೇಳುವುದು ಕಷ್ಟ. ಆದರೆ ವಯಸ್ಸು ಹಾಗಲ್ಲ. ಇಬ್ಬರ ನಡುವೆ ಸುಮಾರು ಹದಿನೆಂಟು ವರ್ಷ ವ್ಯತ್ಯಾಸ. ಕಣ್ಣೆತ್ತಿ ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು.

ನಮ್ಮ ಮೊದಲನೇ ಆಫೀಸರ್ ಚೀಟಿಯ ಸಂಖ್ಯೆ ನೋಡಿದರು, ಆ ಸಾಲಿನ ಹೆಸರನ್ನು ಗಟ್ಟಿಯಾಗಿ ಓದಿದರು, "ಹೌದ್ರಿ" ಅಂದಳು, ಕೆಂಪು ಗೆರೆ ಎಳೆದರು. ಏಜೆಂಟರು ತಮ್ಮ ಪಟ್ಟಿಯಲ್ಲೂ ಗುರುತು ಹಾಕಿಕೊಂಡರು. ಈಕೆ ಆಕೆಯಲ್ಲ ಎನ್ನುವುದಕ್ಕೆ ಏಜೆಂಟರಿಗೆ ಹಕ್ಕಿದೆ. ಎರಡು ರೂಪಾಯಿ ಕಟ್ಟಿ ಆಕ್ಷೇಪಣೆ ಹಾಕಿದರೆ ಪಿಆರ್‌ಒ ಅಲ್ಲೇ ವಿಚಾರಣೆ ಮಾಡಬೇಕು. ಊರಿನವರೇ ಆದ ಅವರೂ ಸುಮ್ಮನಿದ್ದರು. ಯಾಕೆಂದರೆ ಓದಿದ ಹೆಸರು ಸರಿಯಾಗಿತ್ತು, ಎದುರಿಗಿದ್ದ ಹೆಂಗಸಿನ ಹೆಸರೂ ಅದೇ. ಎರಡನೆಯವರು ಎಡಗೈ ತೋರುಬೆರಳಿಗೆ ಮಸಿ ಹಚ್ಚಿ, ಮತ ಹಾಕಿದವರ ಲೆಕ್ಕ ಇಡುವ 17ಎ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಸ್ಲಿಪ್ ಕೊಟ್ಟರು. ಮೂರನೆಯವರು ಸ್ಲಿಪ್ ತೆಗೆದುಕೊಂಡು ಕಂಟ್ರೋಲ್ ಯೂನಿಟ್ಟಿನ ಬ್ಯಾಲೆಟ್ ಗುಂಡಿ ಒತ್ತಿದರು. ಹಿರಿಯಾಕೆ ಒಳಗೆ ಹೋಗಿ ನೀಲಿ ಗುಂಡಿ ಒತ್ತಿದಳು, ವಿವಿಪ್ಯಾಟಿನ ಗಾಜಿನಲ್ಲಿ ಚೀಟಿ ಏಳು ಸೆಕೆಂಡು ಕಾಣಿಸಿ ಬಿತ್ತು, ಬೀಪ್ ಆಯಿತು. ಐದು ಜನರ ಕಣ್ಣೆದುರು, ಯಾರ ದುರುದ್ದೇಶವೂ ಇಲ್ಲದೆ, ಒಂದು ತಪ್ಪು ಪೂರ್ತಿಯಾಯಿತು.

ಮಧ್ಯಾಹ್ನದ ಇಕ್ಕಟ್ಟು

ಕಿರಿಯಾಕೆಗೆ ಕುರ್ಚಿ ಕೊಟ್ಟು 17ಎ ತೆಗೆದು ನೋಡಿದೆ. ಆ ಸಂಖ್ಯೆಯ ಎದುರು ಹೆಬ್ಬೆಟ್ಟಿನ ಗುರುತು, ಜಾಬ್ ಕಾರ್ಡಿನ ಕೊನೆಯ ಅಂಕಿಗಳು. "ತಂಗಿ, ನಿನಗ ಸಹಿ ಬರ್ತದೇನು?" ಅಂದೆ. "ಬರ್ತದ್ರಿ," ಅಂದಳು. ಮತ ಹಾಕಿದ್ದು ಈಕೆಯಲ್ಲ ಎನ್ನುವುದಕ್ಕೆ ಮೊದಲ ಸುಳಿವು ಸಿಕ್ಕಿತು. ಮಾವನ ಹೆಸರು, ಮನೆಯಲ್ಲಿ ಮತ ಇರುವವರು ಯಾರ್ಯಾರು, ಮದುವೆಗೆ ಮುಂಚೆ ಯಾವ ಊರು ಎಂದೆಲ್ಲ ಕೇಳಿದೆ. ಎಪಿಕ್ ಸಂಖ್ಯೆ ಪಟ್ಟಿಯ ಸಂಖ್ಯೆಗೆ ಅಕ್ಷರಕ್ಷರ ತಾಳೆಯಾಯಿತು. ಬಿಎಲ್‌ಒ ಬಂದು ಗುರುತು ಹಿಡಿದರು. ಅಷ್ಟರಲ್ಲಿ ಒಬ್ಬ ಏಜೆಂಟ್ ಪಟ್ಟಿ ತಿರುವಿ, "ಸರ್, ಇದೇ ಹೆಸರಿನ ಇನ್ನೊಂದು ಅದಾ ನೋಡ್ರಿ, ಅದಕ್ಕ ಗೆರಿ ಬಿದ್ದಿಲ್ಲ," ಅಂದ. ಆಗ ಎಲ್ಲರಿಗೂ ತಿಳಿಯಿತು.

ತಿಳಿದ ಕೂಡಲೇ ಕೋಣೆಯ ಎಲ್ಲರಿಂದ ಒಂದೇ ಪರಿಹಾರ ಬಂತು. "ದೊಡ್ಡಾಕಿ ನಂಬರ್ ಖಾಲಿ ಅದಾ ಅಲ್ರಿ ಸರ್. ಅದರ ಮ್ಯಾಲ ಇಕಿದು ಹಾಕ್ಸಿಬಿಡ್ರಿ. ಎರಡು ಮಂದಿ, ಎರಡು ವೋಟ್. ಲೆಕ್ಕ ಬರೋಬರ್." ಎದುರಾಳಿ ಪಕ್ಷಗಳ ಏಜೆಂಟರಿಬ್ಬರೂ ಹೂಂ ಅಂದರು. ದಿನವಿಡೀ ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತು.

ಆ ಮಾತಿನಲ್ಲಿ ಮನುಷ್ಯತ್ವ ಇತ್ತು, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ರೈಲು ಹತ್ತಿ, ತಾಂಡೂರಿನಲ್ಲಿ ಇಳಿದು, ಬಸ್ಸಿನಲ್ಲಿ ಬಂದವಳು. ಒಂದು ದಿನದ ಕೂಲಿ ಹೋಗಿದೆ, ಬಸ್ಸು ರೈಲಿನ ಖರ್ಚು ಬೇರೆ. ಆದರೂ ನಾನು ಒಪ್ಪಲಿಲ್ಲ. ಒಂದು ಕಾರಣ ಸರಳ: ಹಿರಿಯಾಕೆಯ ಸಾಲಿನಲ್ಲಿ ಈಕೆಯ ಸಹಿ ತೆಗೆದುಕೊಂಡರೆ, ಈಕೆ ಬೇರೆಯವಳೆಂದು ತಿಳಿದೂ ರಿಜಿಸ್ಟರಿನಲ್ಲಿ ಸುಳ್ಳು ಬರೆದಂತೆ. ಮುಂಜಾನೆ ಆದದ್ದು ತಪ್ಪು, ಈಗ ಮಾಡಿದರೆ ಅದು ಅಪರಾಧ.

ಇನ್ನೊಂದು ಕಾರಣವೇ ನನ್ನನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದ್ದು. ಅವರು ಬಳಸಿದ ಶಬ್ದ "ಖಾಲಿ ನಂಬರ್". ಆ ಊರಿನ ಪಟ್ಟಿಯಲ್ಲಿ ಅಂದು ಸಂಜೆಯ ತನಕ ಖಾಲಿ ಉಳಿದ ನಂಬರುಗಳಿಗೆ ಲೆಕ್ಕವಿಲ್ಲ, ಬೀಗ ಹಾಕಿದ ಮನೆಗಳಷ್ಟೂ ಖಾಲಿಯೇ. ಎಲ್ಲರೂ ಒಪ್ಪಿದರೆ ಒಂದು ಖಾಲಿ ನಂಬರನ್ನು ಒಳ್ಳೆಯ ಕೆಲಸಕ್ಕೆ ಬಳಸಬಹುದು ಎಂದು ಮೂರು ಗಂಟೆಗೆ ಪಿಆರ್‌ಒ ಒಪ್ಪಿದರೆ, ಐದೂವರೆಗೆ ಬರುವ ಬೇಡಿಕೆಗೆ ಅವನ ಬಳಿ ಉತ್ತರ ಇರುವುದಿಲ್ಲ. ಖಾಲಿ ನಂಬರ್ ಎಂದರೆ ಹೈದರಾಬಾದಿನಲ್ಲಿ ಎಲ್ಲೋ ಇಟ್ಟಿಗೆ ಹೊರುತ್ತಿರುವ ಒಬ್ಬ ಮನುಷ್ಯ. ಅವನು ಬಾರದೆ ಇರುವುದೂ ಅವನ ಹೆಸರಿನಲ್ಲೇ ಉಳಿಯಬೇಕು. ದುಡಿಯಲು ಊರು ಬಿಡುವ ಜನ ಇರುವ ನಮ್ಮಂಥ ಜಿಲ್ಲೆಗಳಲ್ಲಿ ಪಿಆರ್‌ಒ ಕಾಯಬೇಕಾದದ್ದು ಬಂದವರ ಮತವನ್ನು ಮಾತ್ರವಲ್ಲ.

ಟೆಂಡರ್ ಮತಪತ್ರ

1961ರ ಚುನಾವಣಾ ನಿಯಮಗಳಲ್ಲಿ 49ಪಿ ಎಂಬುದಿದೆ. ಒಬ್ಬ ಮತದಾರನ ಹೆಸರಲ್ಲಿ ಆಗಲೇ ಯಾರೋ ಮತ ಹಾಕಿದ ಮೇಲೆ ಅದೇ ಹೆಸರಿನ ಮತದಾರ ನಾನೇ ಎಂದು ಇನ್ನೊಬ್ಬರು ಬಂದು, ಗುರುತಿನ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟರೆ, ಅವರಿಗೆ ಯಂತ್ರದಲ್ಲಿ ಅವಕಾಶವಿಲ್ಲ. ಟೆಂಡರ್ ಮತಪತ್ರ ಕೊಡಬೇಕು. ಪ್ರತಿ ಮತಗಟ್ಟೆಗೆ ಇಂಥ 20 ಮತಪತ್ರ ಬಂದಿರುತ್ತವೆ. ಹೆಚ್ಚಿನ ಕಡೆ ಕಟ್ಟು ಬಿಚ್ಚದೆಯೇ ವಾಪಸ್ ಹೋಗುತ್ತವೆ.

17ಬಿ ನಮೂನೆಯಲ್ಲಿ ಆಕೆಯ ವಿವರ ಬರೆದು ಸಹಿ ಮಾಡಿಸಿದೆ. ಅಕ್ಷರ ಒಂದೊಂದಾಗಿ ಕೂಡಿಸಿ, ನಡುವೆ ನಿಲ್ಲಿಸಿ, ಮತ್ತೆ ಮುಂದುವರಿಸಿ ಬರೆದಳು. ಬೆರಳಿಗೆ ಮಸಿ ಹಚ್ಚಿಸಿದೆ. ಇಲ್ಲೇ ಆ ಆರು ದಿನದ ಪ್ರಶ್ನೆ ಎದ್ದದ್ದು. "ಹದಿಮೂರಕ್ಕ ಹೈದ್ರಾಬಾದದಾಗೂ ಹಾಕ್ತಾಳೋ ಏನೋ," ಎಂದು ಬಾಗಿಲ ಬಳಿ ಯಾರೋ ಗೊಣಗಿದರು. ಎರಡು ಕ್ಷೇತ್ರದ ಪಟ್ಟಿಯಲ್ಲಿ ಒಬ್ಬರ ಹೆಸರು ಇರಕೂಡದೆಂದು ಕಾನೂನಿದೆ. ಅದರ ಮೇಲೆ ಈ ಮಸಿ. 1962ರಿಂದ ನಮ್ಮ ಮೈಸೂರಿನ ಕಾರ್ಖಾನೆಯಿಂದಲೇ ಬರುವ, ಸಿಲ್ವರ್ ನೈಟ್ರೇಟ್ ಇರುವ ಆ ಮಸಿ ಉಗುರಿನ ಸಂದಿನಲ್ಲಿ ಕೂತರೆ ಆರು ದಿನಕ್ಕೆ ಹೋಗುವುದಿಲ್ಲ. ಕಿರಿಯಾಕೆ ಆ ಮಾತು ಕೇಳಿಸಿಕೊಂಡು ಬೆರಳನ್ನು ತಾನೇ ಎತ್ತಿ ಬಾಗಿಲ ಕಡೆಗೆ ಹಿಡಿದಳು.

ಮತಪತ್ರದ ಹಿಂದೆ ಟೆಂಡರ್ ಎಂಬ ಗುರುತು, ಮುಂದೆ ಯಂತ್ರದ ಮೇಲಿದ್ದದ್ದೇ ಹೆಸರು, ಚಿಹ್ನೆ. ಕೈಗೆ ಬಾಣದ ಗುರುತಿನ ರಬ್ಬರ್ ಮೊಹರು ಕೊಟ್ಟೆ. ಆಕೆಗೆ ಅದು ಹೊಸದು. ದೇಶದ ಎಲ್ಲ ಲೋಕಸಭಾ ಕ್ಷೇತ್ರಗಳಲ್ಲೂ ಯಂತ್ರ ಬಂದದ್ದು 2004ಕ್ಕೆ, ಆಕೆಗೆ ಮತದ ವಯಸ್ಸು ಬಂದದ್ದು ಅದರ ನಂತರ. ಹೇಗೆ ಒತ್ತಬೇಕು, ಹೇಗೆ ಮಡಚಬೇಕೆಂದು ಖಾಲಿ ಹಾಳೆಯಲ್ಲಿ ತೋರಿಸಿದೆ. ಮರೆಯೊಳಗೆ ಹೋಗಿ ತುಂಬ ಹೊತ್ತಿನ ಮೇಲೆ ಬಂದಳು. ಮಡಚಿದ ಹಾಳೆಯನ್ನು ನನ್ನ ಕೈಗೆ ಕೊಟ್ಟು ಅಲ್ಲೇ ನಿಂತಳು.

"ಆಯ್ತು ತಂಗಿ," ಅಂದೆ.

"ಸಪ್ಪಳ ಬರಲಿಲ್ಲಲ್ರೀ?"

ಬೀಪ್ ಕೇಳಿಸಲಿಲ್ಲ ಎಂದು ಕೇಳಿದಳು. ಆಕೆಗೆ ಗೊತ್ತಿದ್ದ ಮತದಾನ ಆ ಸದ್ದಿನಲ್ಲಿ ಮುಗಿಯುತ್ತದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಈ ಹಾಳೆ ಬೇರೆ ಕವರಿಗೆ ಹೋಗುತ್ತದೆ, ಎಣಿಕೆಯ ದಿನ ಇದನ್ನು ಎಣಿಸುವುದಿಲ್ಲ, ಯಾರಾದರೂ ಹೈಕೋರ್ಟಿನಲ್ಲಿ ಚುನಾವಣೆಯನ್ನು ಪ್ರಶ್ನಿಸಿ ಇದು ಬೇಕೆಂದು ಕೋರ್ಟು ಹೇಳಿದರೆ ಮಾತ್ರ ತೆರೆಯುತ್ತಾರೆ ಎಂದು ಹೇಳಿದೆ. ಫಲಿತಾಂಶ ಬಂದ 45 ದಿನದೊಳಗೆ ತಕರಾರು ಅರ್ಜಿ ಹಾಕಬೇಕು, ನಮ್ಮ ಕಲಬುರಗಿಯಲ್ಲೇ ಹೈಕೋರ್ಟ್ ಪೀಠ ಇದೆ ಎಂದೂ ಹೇಳಿದೆ. ಅದು ಆಕೆಗೆ ಸಮಾಧಾನವಾಗುವ ಮಾತಲ್ಲ ಎಂದು ಹೇಳುವಾಗಲೇ ಗೊತ್ತಿತ್ತು.

"ಅಂದ್ರ ನಂದು ಹಾಕ್ದಂಗೂ ಅದಾ, ಹಾಕ್ಲಾರ್ದಂಗೂ ಅದಾ," ಅಂದಳು.

ನಿಯಮವನ್ನು ಇದಕ್ಕಿಂತ ಚೊಕ್ಕವಾಗಿ ಯಾವ ತರಬೇತಿಯಲ್ಲೂ ನಾನು ಕೇಳಿಲ್ಲ.

ಅಷ್ಟೊತ್ತಿಗೆ ಯಾರೋ ಓಡಿಹೋಗಿ ಹಿರಿಯಾಕೆಯನ್ನು ಕರೆತಂದಿದ್ದರು. ಮಸಿ ಬಿದ್ದ ಬೆರಳು ತೋರಿಸಿ, ಜಾಬ್ ಕಾರ್ಡು ತೋರಿಸಿದಳು. ಅಂಕಿಗಳು ರಿಜಿಸ್ಟರಿಗೆ ಸರಿಹೋದವು. ಹೆದರಿದ್ದಳು, ಪೊಲೀಸರು ಇದ್ದರಲ್ಲ. ಬೇಕೆಂದೇ ಬೇರೆಯವರ ಮತ ಹಾಕುವುದು ಅಪರಾಧ, ಇದು ಹಾಗಲ್ಲ, ತಪ್ಪು ನಮ್ಮದು ಎಂದು ಹೇಳಿ ಕೂರಿಸಿದೆ. ಆಕೆ ನೆಗೆಣ್ಣಿಯ ಕೈ ಹಿಡಿದು, "ನಿನ್ನ ವೋಟ್ ನಾ ಉಂಡ್ನೇನವ್ವಾ?" ಅಂದಳು. ಕಿರಿಯಾಕೆ, "ಬಿಡು ಯಕ್ಕಾ, ನಿನಗೇನ್ ಗೊತ್ತು," ಅಂದಳು. ಸಾಲಿನಲ್ಲಿ ಜನ ಕಾಯುತ್ತಿದ್ದರು. ನಾನು ಪಿಆರ್‌ಒ ಡೈರಿಯಲ್ಲಿ ಗಂಟೆ, ನಿಮಿಷ ಹಾಕಿ, ಚೀಟಿಯಿಂದ ಹಿಡಿದು ಹಿರಿಯಾಕೆಯ ಹೇಳಿಕೆಯವರೆಗೆ ಎಲ್ಲ ಬರೆದೆ. ಏಜೆಂಟರಿಗೆ ಓದಿ ಹೇಳಿದೆ.

ಲೆಕ್ಕ

ಆರಕ್ಕೆ ಸಾಲಿನಲ್ಲಿದ್ದವರಿಗೆ ಕೊನೆಯವರಿಂದ ಮೊದಲುಮಾಡಿ ಚೀಟಿ ಕೊಟ್ಟು, ಎಲ್ಲರ ಮತ ಮುಗಿಸಿ, ಯಂತ್ರದ ಕ್ಲೋಸ್ ಗುಂಡಿ ಒತ್ತಿದೆವು. ಮತಗಳ ಲೆಕ್ಕದ 17ಸಿ ನಮೂನೆ ತುಂಬುವಾಗ ಯಂತ್ರದ ಒಟ್ಟು ಮತ, 17ಎ ಸಂಖ್ಯೆ ತಾಳೆಯಾದವು. ಟೆಂಡರ್ ಮತಪತ್ರದ ಸಾಲಿನಲ್ಲಿ ಪ್ರತಿ ಸಲ ಸೊನ್ನೆ ಬರೆದು ಅಭ್ಯಾಸವಾದ ಕೈ. ಈ ಸಲ ಕೊಟ್ಟದ್ದು 1, ಉಳಿದದ್ದು 19 ಎಂದು ಬರೆದೆ. ಪ್ರತಿಗಳನ್ನು ಏಜೆಂಟರಿಗೆ ಕೊಟ್ಟೆ. ಆಕೆಯ ಮತ 17ಬಿ ಜೊತೆ ಹಸಿರು ಕವರಿನಲ್ಲಿ, ಯಂತ್ರಕ್ಕೆ ಸಂಬಂಧವಿಲ್ಲದೆ, ಸಾಮಗ್ರಿ ವಾಪಸ್ ಒಪ್ಪಿಸುವ ಡಿಮಸ್ಟರಿಂಗಿಗೆ ಹೋಯಿತು.

ಜೂನ್ 4ಕ್ಕೆ ಬೀದರ್ ಕ್ಷೇತ್ರದಲ್ಲಿ ಸಾಗರ್ ಖಂಡ್ರೆ ಅವರು ಭಗವಂತ ಖೂಬಾ ಅವರನ್ನು ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ನನ್ನ ಸಹೋದ್ಯೋಗಿಯೊಬ್ಬರು, ಹೇಗೂ ಒಂದು ಮತದಿಂದ ಏನಾಗುತ್ತಿತ್ತು ಅಂದರು. 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಎ.ಆರ್. ಕೃಷ್ಣಮೂರ್ತಿ ಅವರು ಆರ್. ಧ್ರುವನಾರಾಯಣ ಅವರ ಎದುರು ಸೋತದ್ದು 40,751ಕ್ಕೆ 40,752, ಒಂದೇ ಮತ. ಆದರೆ ನಾನು ಸಂತೇಮರಹಳ್ಳಿಯನ್ನು ಉತ್ತರವಾಗಿ ಕೊಡಲಿಲ್ಲ. ಅಂತರ ಲಕ್ಷವಿದ್ದರೂ ಆಕೆಯ ಪ್ರಶ್ನೆ ಅದೇ. ಕೂಲಿ ಬಿಟ್ಟು ರೈಲು ಹತ್ತುವಾಗ ಆಕೆ ಅಂತರ ಎಣಿಸಿ ಬಂದಿರಲಿಲ್ಲ.

ತಪ್ಪು ಯಾರದು ಎಂದರೆ ಹರಕು ಹಾಳೆಯದ್ದು ಎಂದು ಹೇಳಿ ಪಾರಾಗಬಹುದು. ನಾನು ಹಾಗೆ ಹೇಳುವುದಿಲ್ಲ. ಹೊರಗಿನ ಚೀಟಿ ದಾರಿ ತೋರಿಸುವುದಕ್ಕಷ್ಟೇ, ಗುರುತು ಹಿಡಿಯಬೇಕಾದದ್ದು ಒಳಗಿನ ನಾವು. ಹಿಂದಿನ ರಾತ್ರಿ ಲಾಟೀನಿನಂಥ ಮಂದ ಬಲ್ಬಿನ ಕೆಳಗೆ ಕವರುಗಳ ಮೇಲೆ ಹೆಸರು ಬರೆಯಲು ಎರಡು ಗಂಟೆ ಕಳೆದೆ. ಅದರಲ್ಲಿ ಅರ್ಧ ಗಂಟೆ ಪಟ್ಟಿ ತೆಗೆದು, ಹೆಸರೂ ಗಂಡನ ಅಥವಾ ತಂದೆಯ ಹೆಸರೂ ಕೂಡುವ ಜೋಡಿಗಳನ್ನು ಪೆನ್ಸಿಲ್ಲಿನಲ್ಲಿ ಬೇರೊಂದು ಹಾಳೆಗೆ ಬರೆದುಕೊಂಡಿದ್ದರೆ ಸಾಕಿತ್ತು. ಆಮೇಲೆ ಲೆಕ್ಕ ಹಾಕಿದೆ, ಆ ಮತಗಟ್ಟೆಯ ಪಟ್ಟಿಯಲ್ಲಿ ಅಂಥ ಜೋಡಿಗಳು ಒಂದು ಕೈಯ ಬೆರಳಿನಷ್ಟೂ ಇರಲಿಲ್ಲ. ಆ ಹಾಳೆಯನ್ನು ಮೊದಲನೇ ಆಫೀಸರ್ ಎದುರಿಗಿಟ್ಟು, ಇವರು ಬಂದಾಗ ಹೆಸರನ್ನು ನೀವು ಓದಬೇಡಿ, ವಯಸ್ಸೂ ಮನೆಯೂ ಅವರ ಬಾಯಿಂದಲೇ ಬರಲಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾವು ಓದಿದರೆ ಯಾರೇ ಆದರೂ "ಹೌದ್ರಿ" ಅನ್ನುತ್ತಾರೆ. ಈಗ ಹೊಸ ಪಿಆರ್‌ಒಗಳು ಫೋನು ಮಾಡಿದರೆ ಮೊದಲು ಹೇಳುವುದು ಇದನ್ನೇ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಊರಿನ ಬಿಎಲ್‌ಒ ಫೋನು ಮಾಡಿದ್ದರು. ಇಬ್ಬರಿಂದಲೂ ಪಟ್ಟಿಯ ವಿವರ ತಿದ್ದುವ ಫಾರಂ 8 ತುಂಬಿಸಿ ಹೊಸ ಫೋಟೊ ಕಳಿಸಿದ್ದಾಗಿ ಹೇಳಿದರು. ಹಿರಿಯಾಕೆ ಅಲ್ಲೇ ಇದ್ದಳಂತೆ, ಫೋನು ಇಸಿದುಕೊಂಡು ಮಾತಾಡಿದಳು.

"ಮಾಸ್ತರ್ರೀ, ಮುಂದಿನ ಸಲ ಆಕಿ ಬಂದು ಹಾಕಿ ಹೊರಗ ಬರೂತನಕ ನಾ ಕಟ್ಟಿ ಮ್ಯಾಲ ಕುಂದರ್ತೀನಿ. ಆಮ್ಯಾಲ ಒಳಗ ಬರ್ತೀನಿ."